ತಲಕಾಡಿನ ಮರಳಲ್ಲಿ ಮೊಟ್ಟೆ ಇವೆ, ನೋಡ್ಕೊಂಡು ನಡೀರಿ

ಇಂಟರ್ನಲ್ಸ್ ಮುಗಿದ ಸಂಜೆ ಮೈಸೂರು ಸುತ್ತಮುತ್ತಲ ಯಾವ ಇಂಜಿನಿಯರಿಂಗ್ ಕಾಲೇಜಿನ ವಾಟ್ಸಾಪ್ ಗ್ರೂಪ್ ತೆಗೆದು ನೋಡಿದರೂ ಎರಡು ಹೆಸರು ಸಿಗುತ್ತವೆ: ಬಲಮುರಿ, ತಲಕಾಡು. ಬೈಕ್ ಇದ್ದವರು ಬೈಕಲ್ಲಿ, ಇಲ್ಲದವರು ಟಿ. ನರಸೀಪುರದ ಬಸ್ಸಲ್ಲಿ. ಗೋವಾಕ್ಕೋ ಗೋಕರ್ಣಕ್ಕೋ ಹೋಗಲು ದುಡ್ಡು, ರಜೆ, ಮನೆಯವರ ಪರ್ಮಿಷನ್ ಮೂರೂ ಕೂಡಿಬರದ ನಮ್ಮಂಥವರಿಗೆ ಮೈಸೂರಿನಿಂದ ಸುಮಾರು 45 ಕಿಲೋಮೀಟರ್ ದೂರದ ಈ ಮರಳೇ ಬೀಚು. ಪಂಚಲಿಂಗಗಳ ಬಗ್ಗೆ, ವಿಷ್ಣುವರ್ಧನ ಚೋಳರನ್ನು ಗೆದ್ದು ಕಟ್ಟಿಸಿದ ಕೀರ್ತಿನಾರಾಯಣ ದೇವಸ್ಥಾನದ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ನಾವು ಇಲ್ಲಿ ಬರೆಯುತ್ತಿರುವುದು ಆ ಬೀಚಿನ ಬಗ್ಗೆ ಮಾತ್ರ. ಅದು ಎಲ್ಲಿಂದ ಬಂತು, ಯಾಕೆ ಅಲ್ಲೇ ನಿಂತಿತು, ಫೆಬ್ರವರಿಯಿಂದ ಮೇ ತನಕ ಖಾಲಿ ಖಾಲಿ ಕಾಣುವ ಆ ಮರಳಲ್ಲಿ ಯಾರ್ಯಾರು ಸಂಸಾರ ಮಾಡುತ್ತಾರೆ ಅನ್ನುವುದು ವಿಷಯ.

ಮೊದಲು ನೀರು. ತಲಕಾಡಿನ ಸುತ್ತಮುತ್ತ ಬೀಳುವ ಮಳೆ ಕಡಿಮೆ, ವರ್ಷಕ್ಕೆ ಸುಮಾರು 700 ಮಿಲಿಮೀಟರ್. ಕುರುಚಲು ಗಿಡ, ಬೇಲಿಸಾಲಿನ ಜಾಲಿ, ನಾಲೆ ನೀರು ಸಿಕ್ಕ ಕಡೆ ಭತ್ತ, ಕಬ್ಬು. ಆದರೆ ಎದುರಿಗೆ ಹರಿಯುವ ಹೊಳೆ ಈ ಒಣನಾಡಿನದ್ದಲ್ಲ. ಕಾವೇರಿ ಹುಟ್ಟುವ ಭಾಗಮಂಡಲದ ಕಡೆ ವರ್ಷದ ಮಳೆ 5000 ಮಿಲಿಮೀಟರ್ ದಾಟುತ್ತದೆ. ಕಬಿನಿ ಬರುವುದು ವಯನಾಡಿನ ಮಳೆಕಾಡಿನಿಂದ. ಎರಡೂ ಟಿ. ನರಸೀಪುರದ ಸಂಗಮದಲ್ಲಿ ಕೂಡಿ, ಅಲ್ಲಿಂದ ಸ್ವಲ್ಪ ದೂರದಲ್ಲೇ ತಲಕಾಡಿಗೆ ಬರುತ್ತವೆ. ಹಾಗಾಗಿ ತಲಕಾಡಿನಲ್ಲಿ ಒಂದು ಹನಿ ಬೀಳದ ದಿನವೂ ಹೊಳೆ ತುಂಬಿ ಹರಿಯಬಹುದು. 2019ರ ಆಗಸ್ಟಿನಲ್ಲಿ ಕಬಿನಿ ಡ್ಯಾಮಿನಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ನಂಜನಗೂಡಿನ ಬಳಿ ಹೆದ್ದಾರಿಯೇ ಮುಳುಗಿದ್ದು ಸೀನಿಯರ್‌ಗಳಿಗೆ ನೆನಪಿರುತ್ತದೆ. ಘಟ್ಟದ ಮಳೆಕಾಡು ಕಳಿಸಿದ ನೀರು, ಆ ನೀರು ಉರುಳಿಸಿ ತಂದ ಮರಳು: ತಲಕಾಡಿನ ಬಂಡವಾಳ ಇಷ್ಟೇ.

ಸರಿ, ಮರಳು ಇಲ್ಲೇ ಯಾಕೆ ನಿಂತಿತು? ಮ್ಯಾಪ್ ತೆಗೆದು ನೋಡಿ. ಟಿ. ನರಸೀಪುರದಿಂದ ಪೂರ್ವಕ್ಕೆ ಬರುವ ನದಿ ತಲಕಾಡಿನ ಹತ್ತಿರ ಎಡಕ್ಕೆ ತಿರುಗಿ ಈಶಾನ್ಯಕ್ಕೆ, ಶಿವನಸಮುದ್ರದ ದಿಕ್ಕಿಗೆ ಹೋಗುತ್ತದೆ. ತಲಕಾಡು ಇರುವುದು ಈ ತಿರುವಿನ ಒಳಮಗ್ಗುಲಲ್ಲಿ. ಎದುರು ದಡದ ಮಾಲಂಗಿ ಹೊರಮಗ್ಗುಲಲ್ಲಿ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರಿಗೆ ಮುಂದಿನದನ್ನು ಹೇಳಬೇಕಾಗಿಯೇ ಇಲ್ಲ. ತಿರುವಿನಲ್ಲಿ ಮೇಲುನೀರು ಹೊರದಡಕ್ಕೆ ನುಗ್ಗುತ್ತದೆ, ಅಲ್ಲಿ ಒತ್ತಡ ಹೆಚ್ಚಿ ತಳದ ನೀರು ಒಳದಡದ ಕಡೆ ಹೊರಳುತ್ತದೆ. ಮುಂದಕ್ಕೆ ಹರಿಯುತ್ತಲೇ ನೀರು ಸ್ಕ್ರೂ ತಿರುಗಿದ ಹಾಗೆ ಸುತ್ತುತ್ತದೆ. ಹೊರದಡದ ತಳ ಕೊರೆದುಕೊಂಡು ಹೋಗಿ ಗುಂಡಿ ಬೀಳುತ್ತದೆ, ಆ ಮಣ್ಣು-ಮರಳು ಒಳದಡದ ನಿಧಾನ ನೀರಿನಲ್ಲಿ ಕೂರುತ್ತದೆ.

ಅಲಮೇಲಮ್ಮನ ಶಾಪದ ಕಥೆ ನಮಗೆಲ್ಲ ಬಾಯಿಪಾಠ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡ ನಂತರ, ಒಡವೆಗಾಗಿ ಬೆನ್ನುಹತ್ತಿದವರಿಂದ ತಪ್ಪಿಸಿಕೊಂಡ ಆಕೆ ಹೊಳೆಗೆ ಹಾರುವಾಗ ಮೂರು ಮಾತು ಹೇಳಿದಳು ಎನ್ನುತ್ತದೆ ಕಥೆ. ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಅರಸರಿಗೆ ಮಕ್ಕಳಿಲ್ಲದಿರುವುದು. ಮೂರನೆಯದು ನಮ್ಮ ಸಿಲೆಬಸ್‌ನಲ್ಲಿಲ್ಲ, ಬಿಡಿ. ಮೊದಲ ಎರಡನ್ನು ಮಾತ್ರ ನೋಡಿದರೆ, ಒಂದೇ ತಿರುವಿನ ಒಳದಡದಲ್ಲಿ ಮರಳು, ಹೊರದಡದಲ್ಲಿ ಮಡು. ಶಾಪ ಕಟ್ಟಿದವರು ಯಾರೇ ಇರಲಿ, ಅವರು ಹೊಳೆಯನ್ನು ಚೆನ್ನಾಗಿ ನೋಡಿಕೊಂಡಿದ್ದವರು.

ಹೊಳೆ ಮರಳನ್ನು ದಡದವರೆಗೆ ತಂದಿತು, ಸರಿ. ಊರೊಳಗೆ ತಂದು ದೇವಸ್ಥಾನ ಮುಚ್ಚಿದ್ದು ಗಾಳಿ. ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೇನೆಯ ಇಂಜಿನಿಯರ್ ಈಜಿಪ್ಟ್, ಲಿಬಿಯಾ ಮರುಭೂಮಿಗಳಲ್ಲಿ ಕಾರು ಓಡಿಸಿಕೊಂಡು, ಆಮೇಲೆ ವಿಂಡ್ ಟನಲ್ ಕಟ್ಟಿ, 1941ರಲ್ಲಿ ಇದರ ಭೌತಶಾಸ್ತ್ರದ ಪುಸ್ತಕವನ್ನೇ ಬರೆದ. ಮರಳು ಧೂಳಿನ ಹಾಗೆ ಗಾಳಿಯಲ್ಲಿ ತೇಲುವುದಿಲ್ಲ. ಒಂದು ಕಣ ಕುಪ್ಪಳಿಸಿ ಬೀಳುತ್ತದೆ, ಬಿದ್ದ ಏಟಿಗೆ ಇನ್ನೆರಡು ಕಣ ಏಳುತ್ತವೆ. ಬಹುಪಾಲು ಕಣಗಳು ಮೊಣಕಾಲಿನ ಎತ್ತರವನ್ನೂ ದಾಟುವುದಿಲ್ಲ. ಆದರೆ ಗಾಳಿಯ ಬಿರುಸು ದುಪ್ಪಟ್ಟಾದರೆ ಸಾಗುವ ಮರಳು ಸುಮಾರು ಎಂಟು ಪಟ್ಟಾಗುತ್ತದೆ. ಇದಕ್ಕೆಲ್ಲ ಒಂದೇ ಷರತ್ತು: ಮರಳು ಒಣಗಿರಬೇಕು. ಒದ್ದೆ ಮರಳನ್ನು ಗಾಳಿ ಎತ್ತಲಾರದು. ಬೇಸಿಗೆಯ ಕೊನೆಗೆ ಹೊಳೆ ತಗ್ಗಿ ಮರಳೆಲ್ಲ ಬಯಲಾಗಿ ಒಣಗಿರುತ್ತದೆ, ನೈಋತ್ಯದ ಗಾಳಿ ಬೀಸಲು ಶುರುವಾಗುತ್ತದೆ, ಘಟ್ಟದ ನೀರು ಇನ್ನೂ ಬಂದಿರುವುದಿಲ್ಲ. ಆ ಕೆಲವು ವಾರ ತಲಕಾಡು ಗಾಳಿಯ ಕೈಗೆ ಸಿಗುತ್ತದೆ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಪ್ರಕಾರ ಮರಳ ದಿಬ್ಬ ವರ್ಷಕ್ಕೆ ಒಂಬತ್ತು-ಹತ್ತು ಅಡಿ ಊರ ಕಡೆ ಸರಿಯುತ್ತಿತ್ತು, ಜನ ಮನೆ ಬಿಟ್ಟು ಹಿಂದೆ ಹಿಂದೆ ಹೋಗುತ್ತಿದ್ದರು. ಈಗ ದೇವಸ್ಥಾನಗಳ ದಾರಿಯಲ್ಲಿ ನೀವು ನೋಡುವ ನೀಲಗಿರಿ ಮರಗಳು ಆ ದಿಬ್ಬವನ್ನು ಹಿಡಿದು ನಿಲ್ಲಿಸಿವೆ.

ಇಷ್ಟೊಂದು ಮರಳು ಬಯಲಾಗಿದ್ದು ಯಾಕೆ ಅನ್ನುವುದರಲ್ಲಿ ನಮಗೆ ಹೆಚ್ಚು ಕುತೂಹಲ. ಇಲ್ಲಿ ಹತ್ತಿರದಲ್ಲೇ ಮಾಧವಮಂತ್ರಿ ಅಣೆಕಟ್ಟು ಇದೆ, ವಿಜಯನಗರದ ಕಾಲದ್ದು, 14ನೇ ಶತಮಾನದ್ದು. ಕೃಷಿವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಮುಂದಿಟ್ಟ ವಾದ ಏನೆಂದರೆ, ಈ ಅಣೆಕಟ್ಟು ಹರಿವನ್ನು ಬದಲಿಸಿತು, ತಿರುವಿನ ಮರಳು ಹೊರಬಿತ್ತು, ಗಾಳಿ ಅದನ್ನು ಊರ ಮೇಲೆ ಹೊತ್ತು ಹಾಕಿತು. ಶಾಪದ ಕಥೆ ಆಮೇಲೆ ಹುಟ್ಟಿಕೊಂಡಿತು. ಇದನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನಮಗೆ ಇದು ಇಷ್ಟವಾಗುವುದು ಬೇರೆ ಕಾರಣಕ್ಕೆ. ಇದೇ ಹೊಳೆಯಲ್ಲಿ ಇನ್ನೂ ಮೇಲೆ, ಶ್ರೀರಂಗಪಟ್ಟಣದ ಹತ್ತಿರ, 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ ನೀರು ನಿಂತು ನಡುಗಡ್ಡೆಗಳಾದವು. ಆ ನಡುಗಡ್ಡೆಗಳಿಗೆ ಹಕ್ಕಿ ಬಂದವು. ಸಲೀಂ ಅಲಿ ನೋಡಿ ಹೇಳಿ, 1940ರಲ್ಲಿ ಅದು ರಂಗನತಿಟ್ಟು ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ತಾಣವೂ ಆಯಿತು. ಒಂದೇ ಹೊಳೆ, ಎರಡು ಕಲ್ಲೊಡ್ಡು. ಒಂದರಿಂದ ಹಕ್ಕಿಗಳಿಗೆ ಊರಾಯಿತು, ಇನ್ನೊಂದರಿಂದ ಜನರ ಊರು ಮುಳುಗಿತು ಅಂತ ವಾದ. ಕಟ್ಟಿದವರಿಬ್ಬರ ತಲೆಯಲ್ಲೂ ಇದ್ದದ್ದು ಗದ್ದೆಗೆ ನೀರು ಹಾಯಿಸುವುದೊಂದೇ.

ಈಗ ಮೊಟ್ಟೆಯ ವಿಷಯಕ್ಕೆ ಬರೋಣ.

ರಂಗನತಿಟ್ಟಿನಲ್ಲಿ ಮರದ ಮೇಲೆ ಗೂಡು ಕಟ್ಟುವ ಕೊಕ್ಕರೆ, ಹೆಜ್ಜಾರ್ಲೆಗಳನ್ನು ಎಲ್ಲರೂ ನೋಡಿರುತ್ತೀರಿ. ಗೂಡೇ ಕಟ್ಟದ ಹಕ್ಕಿಗಳೂ ಈ ಹೊಳೆಯಲ್ಲಿವೆ. ರಿವರ್ ಟರ್ನ್, ಕನ್ನಡದ ಹಕ್ಕಿ ಪುಸ್ತಕಗಳಲ್ಲಿ ರೀವ. ಬೂದು-ಬಿಳಿ ಮೈ, ಕಪ್ಪು ಟೋಪಿ, ಹಳದಿ ಕೊಕ್ಕು, ಕವಲು ಬಾಲ. ನೀರಿನ ಮೇಲೆ ತಲೆ ಬಗ್ಗಿಸಿ ನೋಡುತ್ತಾ ಹಾರಿ, ತಟ್ಟನೆ ಧುಮುಕಿ ಮೀನು ಎತ್ತುತ್ತದೆ. ಬೇಸಿಗೆಯಲ್ಲಿ ಹೊಳೆ ತಗ್ಗಿ ಮರಳದಿಣ್ಣೆ ಎದ್ದಾಗ, ಮರಳಲ್ಲಿ ಅಂಗೈಯಗಲ ಕೆದರಿ ಎರಡೋ ಮೂರೋ ಮೊಟ್ಟೆ ಇಡುತ್ತದೆ. ಕಡ್ಡಿ ಇಲ್ಲ, ಹುಲ್ಲು ಇಲ್ಲ. ಮೊಟ್ಟೆಯ ಬಣ್ಣ ಮರಳಿನದ್ದೇ, ಮೇಲೆ ಕಂದು ಚುಕ್ಕೆ. ಎರಡು ಹೆಜ್ಜೆ ದೂರದಲ್ಲಿದ್ದರೂ ಕಾಣಿಸುವುದಿಲ್ಲ. ಸ್ಮಾಲ್ ಪ್ರಾಟಿಂಕೋಲ್ ಎಂಬ ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡ ಹಕ್ಕಿಯದ್ದೂ ಇದೇ ಪದ್ಧತಿ. ದಪ್ಪ ಮಂಡಿ, ದೊಡ್ಡ ಹಳದಿ ಕಣ್ಣಿನ ಗ್ರೇಟ್ ಥಿಕ್-ನೀ ಕೂಡ ಹೊಳೆಯ ಮರಳು-ಬಂಡೆಗಳ ನಡುವೆಯೇ ಮೊಟ್ಟೆ ಇಡುವುದು.

ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಆ ಮರಳ ಮೇಲೆ ಓಡಿದವರಿಗೆ ಗೊತ್ತು, ಮೇಲ್ಮೈ 50 ಡಿಗ್ರಿ ದಾಟುತ್ತದೆ. ಮೊಟ್ಟೆಯೊಳಗಿನ ಮರಿ 41-42 ಡಿಗ್ರಿಗಿಂತ ಮೇಲೆ ಬಹಳ ಹೊತ್ತು ಬದುಕಲಾರದು. ಅಂದರೆ ಇಲ್ಲಿ ಕಾವು ಕೊಡುವುದಕ್ಕಿಂತ ದೊಡ್ಡ ಕೆಲಸ ಕೂಲಿಂಗ್. ತಾಯಿಯೋ ತಂದೆಯೋ ಮೊಟ್ಟೆಯ ಮೇಲೆ ನೆರಳಾಗಿ ನಿಲ್ಲುತ್ತದೆ. ಆಗಾಗ ಹೋಗಿ ಎದೆ-ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಒದ್ದೆ ಗರಿಯಲ್ಲೇ ಮೊಟ್ಟೆಯ ಮೇಲೆ ಕೂರುತ್ತದೆ. ನಮ್ಮ ಹಾಸ್ಟೆಲಿನ ಕೂಲರ್ ಕೆಲಸ ಮಾಡುವ ತತ್ವವೇ, ನೀರು ಆವಿಯಾಗುವಾಗ ಶಾಖ ಹೀರುವುದು. ವ್ಯತ್ಯಾಸ ಏನಂದರೆ ಹಕ್ಕಿಯ ಕೂಲರ್ ಕೆಟ್ಟು ನಿಲ್ಲಲು ಒಂದೇ ಕಾರಣ: ನಾವು. ಒಂದು ಗುಂಪು ಆ ದಿಣ್ಣೆಯ ಮೇಲೆ ಕ್ರಿಕೆಟ್ ಶುರುಮಾಡಿದರೆ ಹಕ್ಕಿ ಎದ್ದು ತಲೆಯ ಮೇಲೆ ಕಿರುಚುತ್ತಾ ಸುತ್ತುತ್ತದೆ. ನಾವು ಅದನ್ನು ವಿಡಿಯೊ ಮಾಡುತ್ತೇವೆ. ಮೊಟ್ಟೆ ತುಳಿಯುವುದೇ ಬೇಡ, ಉರಿಬಿಸಿಲಲ್ಲಿ ಹಕ್ಕಿಯನ್ನು ಅಷ್ಟು ಹೊತ್ತು ಎಬ್ಬಿಸಿಟ್ಟರೆ ಸಾಕು. ಮೊಟ್ಟೆ ಒಡೆಯಲು ಸುಮಾರು ಮೂರು ವಾರ, ಮರಿ ಹಾರಲು ಇನ್ನೂ ಮೂರು-ನಾಲ್ಕು ವಾರ. ಆ ಒಂದೂವರೆ ತಿಂಗಳಲ್ಲಿ ಎಷ್ಟು ಶನಿವಾರ-ಭಾನುವಾರ ಬರುತ್ತವೆ ಲೆಕ್ಕ ಹಾಕಿ. ರಿವರ್ ಟರ್ನ್ ಈಗ ಐಯುಸಿಎನ್ ಕೆಂಪುಪಟ್ಟಿಯಲ್ಲಿ ಅಪಾಯದಂಚಿನ ಹಕ್ಕಿ.

ಮರಳಿನ ಇನ್ನೊಬ್ಬ ಬಾಡಿಗೆದಾರ ಮೊಸಳೆ. ಕಾವೇರಿಯದ್ದು ಮಗ್ಗರ್ ಜಾತಿ, ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿರುತ್ತಲ್ಲ, ಅದೇ. ಬೇಸಿಗೆಯ ಶುರುವಿನಲ್ಲಿ ಹೆಣ್ಣು ದಡದ ಮರಳಲ್ಲಿ ರಾತ್ರಿ ಗುಂಡಿ ತೋಡಿ ಇಪ್ಪತ್ತು-ಮೂವತ್ತು ಮೊಟ್ಟೆ ಇಟ್ಟು ಮುಚ್ಚುತ್ತದೆ. ಸುಮಾರು ಎರಡು ತಿಂಗಳಿಗೆ, ಮಳೆಗಾಲಕ್ಕೆ ಮುಂಚೆ, ಮರಿಗಳು ಒಳಗಿಂದಲೇ ಕೂಗಲು ಶುರುಮಾಡುತ್ತವೆ, ತಾಯಿ ಬಂದು ಮರಳು ಬಗೆಯುತ್ತದೆ. ಮರಿ ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನಿಸುವುದು ಕ್ರೋಮೋಸೋಮ್ ಅಲ್ಲ, ಮರಳಿನ ತಾಪಮಾನ. ಸುಮಾರು 32.5 ಡಿಗ್ರಿಯಲ್ಲಿ ಹೆಚ್ಚಿನವು ಗಂಡು, 31ಕ್ಕಿಂತ ಕೆಳಗೆ ಹೆಣ್ಣು. ಒಂದೂವರೆ ಡಿಗ್ರಿಯ ಟಾಲರೆನ್ಸ್! ಅಂಥ ದಡದಿಂದ ಒಂದು ಅಡಿ ಮರಳು ಎತ್ತಿದರೆ ಗೂಡಿನ ಆಳ, ತೇವ, ಉಷ್ಣಾಂಶ ಎಲ್ಲ ಏರುಪೇರು.

ನೀರುನಾಯಿ ಮೊಟ್ಟೆ ಇಡುವ ಪ್ರಾಣಿಯಲ್ಲ, ಆದರೂ ಮರಳು ಬೇಕೇ ಬೇಕು. ಕಾವೇರಿಯಲ್ಲಿ ಇರುವ ನುಣುಪು ಮೈಯ ನೀರುನಾಯಿಗಳು ಗುಂಪಾಗಿ ಮೀನು ಬೇಟೆಯಾಡಿ, ಮರಳಲ್ಲಿ ಹೊರಳಿ ಮೈ ಒರೆಸಿಕೊಂಡು, ಒಂದೇ ಜಾಗದಲ್ಲಿ ಎಲ್ಲವೂ ಹಿಕ್ಕೆ ಹಾಕಿ ಗುರುತು ಬಿಡುತ್ತವೆ. ಬೆಳಿಗ್ಗೆ ದಡದ ಮೇಲೆ ಮೀನಿನ ಪೊರೆ ತುಂಬಿದ, ವಾಸನೆ ಹೊಡೆಯುವ ಗುಡ್ಡೆ ಕಂಡರೆ ನೀವು ಅವುಗಳ ನೋಟಿಸ್ ಬೋರ್ಡ್ ಮುಂದೆ ನಿಂತಿದ್ದೀರಿ ಅಂತ ಲೆಕ್ಕ. ಹಂಪಿ ಕಡೆ ತುಂಗಭದ್ರೆಯಲ್ಲಿ ನೀರುನಾಯಿಗಳಿಗಾಗಿಯೇ 2015ರಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಿದ್ದಾರೆ. ಇಲ್ಲಿಂದ ಕೆಳಗೆ ಕಾವೇರಿ ವನ್ಯಜೀವಿಧಾಮ ಸಿಗುತ್ತದೆ, ಭೀಮೇಶ್ವರಿ, ಗಾಳಿಬೋರೆ ಎಲ್ಲ ಅಲ್ಲೇ. ಮೇಲೆ ರಂಗನತಿಟ್ಟು, ಕೆಳಗೆ ವನ್ಯಜೀವಿಧಾಮ. ನಡುವಿನ ನಮ್ಮ ಟಿ. ನರಸೀಪುರ-ತಲಕಾಡು ಹರಿವಿನಲ್ಲಿ ಕಾವಲಿಗಿಂತ ಪ್ರವಾಸಿಗರೇ ಹೆಚ್ಚು. ಪ್ರಾಣಿಗಳಿಗೆ ಈ ಗಡಿ ಗೊತ್ತಿಲ್ಲ.

ಜನರ ಕಾಟ ಕಣ್ಣಿಗೆ ಕಾಣುತ್ತದೆ. ಬಿಸಾಕಿದ ಬಿರಿಯಾನಿಗೆ ನಾಯಿ ಬರುತ್ತದೆ, ಬಿರಿಯಾನಿ ಖಾಲಿಯಾದ ಮೇಲೆ ಅದೇ ನಾಯಿ ಮರಳದಿಣ್ಣೆ ಮೂಸುತ್ತದೆ. ಇದಕ್ಕೆ ತಿಳಿವಳಿಕೆ ಸಾಕು. ಕಷ್ಟದ ಪ್ರಶ್ನೆ ನೀರಿನದ್ದು, ಅದು ನಮ್ಮ ಬ್ರಾಂಚುಗಳ ಪ್ರಶ್ನೆಯೂ ಹೌದು. ಬೇಸಿಗೆಯಲ್ಲಿ ಇಲ್ಲಿ ಹರಿಯುವ ನೀರು ಮೇಲಿನ ಕೆಆರ್‌ಎಸ್, ಕಬಿನಿ ಡ್ಯಾಮುಗಳ ಗೇಟನ್ನು ಅವಲಂಬಿಸಿದೆ. ಕುಡಿಯಲು, ನಾಲೆಗೆ, ತಮಿಳುನಾಡಿಗೆ ಅಂತ ಬಿಡುವ ನೀರು ಏರುಪೇರಾಗುತ್ತದೆ. ಒಂದು ರಫ್ ಲೆಕ್ಕ ಮಾಡಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28.3 ಲೀಟರ್. ಹರಿವು 2000 ಕ್ಯೂಸೆಕ್ ಹೆಚ್ಚಾದರೆ ಸೆಕೆಂಡಿಗೆ ಸುಮಾರು 57 ಘನ ಮೀಟರ್ ಜಾಸ್ತಿ. ನೀರಿನ ಅಗಲ 300 ಮೀಟರ್, ವೇಗ ಸೆಕೆಂಡಿಗೆ ಅರ್ಧ ಮೀಟರ್ ಅಂದುಕೊಂಡರೆ ಮಟ್ಟ ಸುಮಾರು 38 ಸೆಂಟಿಮೀಟರ್ ಏರುತ್ತದೆ. ಆಳ ಹೆಚ್ಚಿದಂತೆ ವೇಗವೂ ಹೆಚ್ಚುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಕಡಿಮೆ, ಮ್ಯಾನಿಂಗ್ ಸೂತ್ರ ಹಾಕಿ ನೀವೇ ತಿದ್ದಿಕೊಳ್ಳಿ. ಆದರೆ ನೀರಿಗಿಂತ ಒಂದು ಗೇಣು ಮೇಲಿರುವ ದಿಣ್ಣೆಯ ಮೊಟ್ಟೆಗಳಿಗೆ ಅಷ್ಟೇ ಸಾಕು. ಗೇಟ್ ನಿಧಾನವಾಗಿ ಎತ್ತಿದರೆ ತೆಪ್ಪದವರು ದಡ ಸೇರಬಹುದು, ಮೊಟ್ಟೆ ಎದ್ದು ಓಡುವುದಿಲ್ಲ.

ಇದಕ್ಕೆ ಪರಿಹಾರ ಇಲ್ಲವೇ ಅಂದರೆ, ಬೇರೆ ಕಡೆ ಪ್ರಯತ್ನ ಮಾಡಿದ್ದಾರೆ. ಅಮೆರಿಕದ ಮಿಸೌರಿ ನದಿಯಲ್ಲಿ ಸಾಲು ಸಾಲು ಡ್ಯಾಮುಗಳಿವೆ, ಅಲ್ಲೂ ಮರಳದಿಣ್ಣೆಯ ಮೇಲೆ ಲೀಸ್ಟ್ ಟರ್ನ್ ಎಂಬ ರೀವ ಮೊಟ್ಟೆ ಇಡುತ್ತದೆ. ಅಲ್ಲಿನ ಸೇನಾ ಇಂಜಿನಿಯರುಗಳು ಗೂಡಿನ ಕಾಲಕ್ಕೆ ಮುಂಚೆಯೇ ನೀರಿನ ಮಟ್ಟ ಏರಿಸಿಟ್ಟು, ಹಕ್ಕಿಗಳು ಎತ್ತರದ ಜಾಗವನ್ನೇ ಆರಿಸಿಕೊಳ್ಳುವಂತೆ ಮಾಡಿ, ಆಮೇಲೆ ಹರಿವನ್ನು ಆದಷ್ಟು ಒಂದೇ ಸಮ ಇಡುವ ಉಪಾಯ ಮಾಡಿದರು. ಕೆಲವು ಕಡೆ ಮರಳದಿಣ್ಣೆಯನ್ನೇ ಕಟ್ಟಿಕೊಟ್ಟರು. ಒಳನಾಡಿನ ಆ ಹಕ್ಕಿ 2021ರಲ್ಲಿ ಅಲ್ಲಿನ ಅಪಾಯದ ಪಟ್ಟಿಯಿಂದ ಹೊರಬಂತು. ಕಾವೇರಿ ಮಿಸೌರಿ ಅಲ್ಲ, ಇಲ್ಲಿ ಒಂದೊಂದು ಟಿಎಂಸಿಗೂ ಎರಡು ರಾಜ್ಯ ಕೋರ್ಟು ಹತ್ತಿವೆ, ರೈತರ ಬೆಳೆಗಿಂತ ಮೊಟ್ಟೆ ದೊಡ್ಡದು ಅಂತ ನಾವ್ಯಾರೂ ಹೇಳಲಾರೆವು. ಆದರೆ ನಮ್ಮ ಅಭಿಪ್ರಾಯದಲ್ಲಿ ಇದು ನೀರಿನ ಪ್ರಮಾಣದ ಜಗಳಕ್ಕಿಂತ ವೇಳಾಪಟ್ಟಿಯ ಪ್ರಶ್ನೆ. ತಿಂಗಳಿಗೆ ಇಷ್ಟು ಅಂತ ಬಿಡುವ ಅದೇ ನೀರನ್ನು ಏರಿಳಿತ ಕಡಿಮೆ ಮಾಡಿ ಬಿಡಲಾಗುತ್ತದೆಯೇ? ಸಿವಿಲ್‌ನವರು ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ತಗೊಳ್ಳಿ, ನಾವೇ ಕೊಡ್ತಾ ಇದೀವಿ.

ಇನ್ನು ಮರಳು ಎತ್ತುವುದು. ಡ್ಯಾಮಿನಲ್ಲಿ ನೀರು ನಿಂತಾಗ ಮರಳು ತಳಕ್ಕೆ ಕೂರುತ್ತದೆ, ಕೆಳಗೆ ಬರುವುದು ಬಹುತೇಕ ಬರಿ ನೀರು. ಆ ನೀರು ತನ್ನ ಪಾಲಿನ ಮರಳನ್ನು ಕೆಳಗಿನ ದಡದಿಂದಲೇ ಕಿತ್ತುಕೊಳ್ಳುತ್ತದೆ. ಹೊಸ ಮರಳು ಬರುವುದು ಕಡಿಮೆಯಾದ ಹೊಳೆಯಿಂದ ಲಾರಿಗಟ್ಟಲೆ ಎತ್ತಿದರೆ ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ. ದಿಬ್ಬದ ಮರಳು ಇದೆಯಲ್ಲ ಅನ್ನಬೇಡಿ. ಗಾಳಿ ಸೋಸಿ ತಂದ ಮರಳು ಸಣ್ಣ, ಹೆಚ್ಚುಕಮ್ಮಿ ಒಂದೇ ಅಳತೆ. ಕಾಂಕ್ರೀಟಿಗೆ ಬೇಕಾದ ಗ್ರೇಡಿಂಗ್ ಅದರಲ್ಲಿ ಸಿಗುವುದಿಲ್ಲ.

ಆ ಗುಂಡಿಗಳೇ ನಮ್ಮನ್ನೂ ನುಂಗುತ್ತವೆ. ಬೇಸಿಗೆಯಲ್ಲಿ ಕಾವೇರಿ ದಡದಿಂದ ಬರುವ ಸಾವಿನ ಸುದ್ದಿಗಳಲ್ಲಿ ನಮ್ಮ ವಯಸ್ಸಿನವರ ಹೆಸರೇ ಹೆಚ್ಚು, ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿರುವಾಗ ಮುಂದಿನ ಹೆಜ್ಜೆಗೆ ಎರಡಾಳು ಗುಂಡಿ ಇರಬಹುದು, ಅಂಚಿನ ಮರಳು ಕಾಲು ಇಟ್ಟೊಡನೆ ಜಾರುತ್ತದೆ. ತಿರುವಿನ ಹೊರದಡದ ಕಡೆ ಈಜಿಕೊಂಡು ಹೋಗುವುದೆಂದರೆ ಮಡುವಿನ ಕಡೆ ಹೋಗುವುದು. ಎಲ್ಲಕ್ಕಿಂತ ಕೆಟ್ಟದ್ದು ಅಣೆಕಟ್ಟಿನ ಬುಡ. ಒಡ್ಡಿನ ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ ಎದ್ದು, ಮೇಲ್ಮೈಯಲ್ಲಿ ಮತ್ತೆ ಒಡ್ಡಿನ ಕಡೆಗೇ ವಾಪಸ್ ಸುತ್ತುತ್ತದೆ. ಲ್ಯಾಬಿನಲ್ಲಿ ಹೈಡ್ರಾಲಿಕ್ ಜಂಪ್ ನೋಡಿದ್ದೀರಲ್ಲ, ಅದರ ಒಳಗೆ ಮನುಷ್ಯನನ್ನು ಹಾಕಿ ಯೋಚಿಸಿ. ಗಾಳಿಗುಳ್ಳೆ ತುಂಬಿದ ಆ ನೊರೆಯಲ್ಲಿ ತೇಲುವುದೂ ಕಷ್ಟ, ಈಜು ಬಂದವರೂ ಹೊರಬರಲಾರರು. ಮಾಧವಮಂತ್ರಿ ಅಣೆಕಟ್ಟಿನಂಥ ತಗ್ಗು ಒಡ್ಡುಗಳು ಅಪಾಯ ಅನಿಸದಂತೆ ಕಾಣುವುದೇ ತೊಂದರೆ.

ಹಾಗಾದರೆ ಹೋಗಲೇಬಾರದಾ? ಹೋಗಿ. ನಮ್ಮ ಕ್ಲಬ್ಬಿನವರು ಹೋಗುವುದು ನವೆಂಬರಿನಿಂದ ಜನವರಿಯೊಳಗೆ. ಆಗ ಮರಳ ಮೇಲೆ ಮೊಟ್ಟೆ ಇರುವುದಿಲ್ಲ, ಬಿಸಿಲೂ ತಡೆಯುವಂತಿರುತ್ತದೆ. ಬೇಸಿಗೆಯಲ್ಲೇ ಹೋಗಬೇಕೆಂದಿದ್ದರೆ ಬೆಳಿಗ್ಗೆ ಬೇಗ ಹೋಗಿ, ನೀರಿನ ನಡುವಿನ ದಿಣ್ಣೆಗಳನ್ನು ಬಿಟ್ಟು ದಡದಲ್ಲೇ ಇರಿ. ತೆಪ್ಪದವರು ದಿಣ್ಣೆಗೆ ಇಳಿಸ್ತೀನಿ ಅಂದರೂ ಬೇಡ ಅನ್ನಿ. ಬಿಳಿ ಹಕ್ಕಿ ತಲೆಯ ಮೇಲೆ ಕಿರುಚುತ್ತಾ ಎರಗಿದರೆ ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬನ್ನಿ. ಡ್ರೋನ್ ಬೇಡವೇ ಬೇಡ. ಊಟದ ಪೊಟ್ಟಣ, ಉಳಿದ ಅನ್ನ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ವಾಪಸ್ ತನ್ನಿ.

ಚಳಿಗಾಲದಲ್ಲಿ ಹೋಗುವವರಿಗೆ ಇನ್ನೊಂದು ಲಾಭವಿದೆ. ವಾಪಸ್ ಬರುವಾಗ ನಂಜನಗೂಡಿನ ಕಡೆಯಿಂದ ಸುತ್ತಿ ಬಂದರೆ ಹದಿನಾರು ಕೆರೆ ಸಿಗುತ್ತದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹಗಲು ಹೊತ್ತು ಅಲ್ಲಿ ವಿಶ್ರಾಂತಿ ಪಡೆಯುತ್ತಿರುತ್ತವೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಕತ್ತಲಾಗುವ ಹೊತ್ತಿಗೆ ಗುಂಪು ಗುಂಪಾಗಿ ಎದ್ದು ಗದ್ದೆಗಳ ಕಡೆ ಮೇಯಲು ಹೊರಡುತ್ತವೆ. ಏರಿಯ ಮೇಲೆ ನಿಂತರೆ ಸಾಕು, ರೆಕ್ಕೆಯ ಸದ್ದು ಕೇಳುವಷ್ಟು ಕೆಳಗೆ ಹಾದು ಹೋಗುತ್ತವೆ.